ಮತ್ತೆ ಕೇಳೋನ ಗಡಿಯಾರ

ಮಾರ್ಚ್ 4, ಬುಧವಾರ
ಟವರ್ ಶೆಡ್ಡು

ಹಂಚೋಳೇ,

ಊರಿಗೆಲ್ಲ ಫೋನು ಕೊಡೋಕೆ ಬಂದವನ ಹತ್ರ ಫೋನಿಲ್ಲ ಅಂತ ನಗಬೇಡ. ದೀಪದ ಕೆಳಗೇ ಕತ್ತಲೆ. ಈ ಕಣಿವೆಯಿಂದ ಹೊರಗೆ ಹೋಗೋ ಕೊಂಡಿ ಇನ್ನೂ ಹಾಕಿಲ್ಲ. ಪರೀಕ್ಷೆ ಎಲ್ಲ ಒಳಗೊಳಗೇ, ನಮ್ಮ ಟವರಿಗೂ ಕಣಿವೆಯಲ್ಲಿ ಹಂಚಿರೋ ನಾಲ್ಕಾರು ಫೋನಿಗೂ ಮಾತ್ರ. ಹೊರಗಿನ ಲೋಕಕ್ಕೆ ಗುರುವಾರದ ಗಾಡಿ ಒಂದೇ ಗತಿ. ಬೆಳಿಗ್ಗೆ ಡೀಸೆಲ್ಲು, ಸಾಮಾನು, ಕಾಗದ ತರುತ್ತೆ. ಮಧ್ಯಾಹ್ನ ನಮ್ಮ ಕಾಗದ ತಗೊಂಡು ಇಳಿಯುತ್ತೆ.

ಟವರು ಕಲ್ಲುಕ್ವಾರಿಯ ನೆತ್ತಿ ಮೇಲಿದೆ. ಶೆಡ್ಡಿನಲ್ಲಿ ಒಂದು ಮಂಚ, ಒಂದು ಮೇಜು, ಬೇಸ್ ಸ್ಟೇಷನ್ನಿನ ಕಪಾಟು. ಕಪಾಟಿನ ಫ್ಯಾನು ಎಷ್ಟು ಕೂಗುತ್ತೆ ಅಂದ್ರೆ ಯೋಚನೆ ಮಾಡ್ಬೇಕಾದ್ರೆ ಆಚೆ ಹೋಗಿ ನಿಲ್ಲಬೇಕು. ಕ್ವಾರಿ ಮೇಸ್ತ್ರಿಗೆ ಕೊಟ್ಟ ಫೋನು ಚೆನ್ನಾಗಿ ನಡೀತಿದೆ, ಅವನು ಟವರಿನ ಬುಡದಲ್ಲೇ ಇರ್ತಾನೆ. ಗೋಳು ಇರೋದು ಕಣಿವೆಯ ಆ ತುದಿಯ ಆಸ್ಪತ್ರೇಲಿ. ಅಲ್ಲಿನ ನರ್ಸಮ್ಮ ಮಾತು ಶುರು ಮಾಡಿ ಎರಡು ವಾಕ್ಯ ಆಗೋಷ್ಟರಲ್ಲಿ ಸಂಪರ್ಕ ಕಡಿಯುತ್ತೆ. ಆಕೆ ನೇರವಾಗಿ ಶೆಡ್ಡಿಗೇ ಬಂದು, ಇಷ್ಟು ಜನ ಓದಿದೋರು ಸೇರಿ ಏನು ಕಡಿದು ಕಟ್ಟೆ ಹಾಕಿದ್ದೀರಿ ಅಂತ ಕೇಳಿದ್ಲು.

ಕೂರಿಸಿ ಹೇಳಿದೆ. ಫೋನು ನಡೆಸೋ ಪ್ರೋಗ್ರಾಮು ಪದರ ಪದರವಾಗಿರುತ್ತೆ, ಒಂದೊಂದು ಪದರ ನಮ್ಮ ಲ್ಯಾಬಿನ ಒಬ್ಬೊಬ್ಬರು ಬರೆದದ್ದು. ಎಲ್ಲಕ್ಕಿಂತ ಕೆಳಗೆ ನಮಗಿಬ್ಬರಿಗೂ ಪಾಠ ಹೇಳಿದ ರೇಡಿಯೋ ಮೇಷ್ಟ್ರ ಪದರ, ಅದು ಅಲೆ ಕಳಿಸುತ್ತೆ, ಅಲೆ ಹಿಡಿಯುತ್ತೆ. ಅದರ ಮೇಲೆ ನನ್ನ ಹೆಂಡತಿಯ ಪದರ, ಯಾವ ಫೋನಿಗೆ ಯಾವಾಗ ಸರದಿ ಅಂತ ಹಂಚೋದು ಅವಳ ಕೆಲಸ. ಗಾಳೀಲಿ ಕೆಟ್ಟ ಮಾತಿನ ತುಣುಕನ್ನ ಅಲ್ಲಿಂದಲ್ಲೇ ಇನ್ನೊಮ್ಮೆ ಕಳಿಸಿ ನೋಡೋದೂ ಅವಳದೇ. ಅವಳ ಮೇಲೆ ನಾನು. ಪ್ರತಿ ತುಣುಕಿಗೆ ನಂಬರು ಹಾಕಿ, ಕಾಣದೆ ಇದ್ದದ್ದನ್ನ ಮತ್ತೆ ಕೇಳೋನು. ನನ್ನ ಮೇಲೆ, ಬೇರೆಯವರು ಕದ್ದು ಕೇಳದ ಹಾಗೆ ಮಾತಿಗೆ ಬೀಗ ಹಾಕೋ ಪದರ, ತುದೀಲಿ ಸಂಪರ್ಕ ಕಟ್ಟೋ, ಕಡಿಯೋ ಯಜಮಾನ. ಪ್ರತಿ ಪದರವೂ ಆ ಕಡೆ ಫೋನಿನಲ್ಲಿರೋ ತನ್ನ ಜೋಡಿ ಜೊತೆ ಮಾತ್ರ ಮಾತಾಡುತ್ತೆ. ಆದರೆ ಮಾತು ಹೋಗೋದು ಕೆಳಗಿನವರೆಲ್ಲರ ಕೈ ದಾಟಿ, ಮತ್ತು ಕೆಳಗಿನವರು ಅದನ್ನ ಬಿಚ್ಚಿ ನೋಡೋ ಹಾಗಿಲ್ಲ.

ನರ್ಸಮ್ಮ ತಲೆಯಾಡಿಸಿ, "ಅಂದ್ರೆ ನಿಮಗೂ ಆ ಮೇಷ್ಟ್ರಿಗೂ ಮಾತಿಲ್ಲ. ನಿಮ್ಮ ಹೆಂಡತಿಗೂ ಅವರಿಗೂ ಇಡೀ ದಿನ ಮಾತು" ಅಂದ್ಲು. ಆಯಮ್ಮನ ಬಾಯಿಗೆ ಏನು ಹೇಳೋಣ.

ಕಡಿದ ಕರೆಗಳ ದಾಖಲೆ, ಲಾಗು, ತುಂಬಿದ ಮೆಮೊರಿ ಕಾರ್ಡು ಇದರ ಜೊತೆ ಇದೆ. ನಿನ್ನ ಪದರ ಹತ್ತಿರದವರಿಗೇ ಸರದಿ ಹಂಚಿ ದೂರದವರನ್ನ ಮರೀತಿದೆ ಅಂತ ನನ್ನ ಗುಮಾನಿ. ಸುಮ್ನೆ ಕೇಳ್ತೀನಿ, ಮೇಷ್ಟ್ರು ಈಗಲೂ ದಿನಾ ಇಸ್ತ್ರಿ ಶರ್ಟು ಹಾಕ್ಕೊಂಡು ಬರ್ತಾರಾ?

ನಿನ್ನ,
ಮತ್ತೆ ಕೇಳೋನು


ಮಾರ್ಚ್ 9, ಸೋಮವಾರ
ಮನೆ

ಮತ್ತೆ ಕೇಳೋನೇ,

ಕಾಗದ ಬಂತು, ಕಾರ್ಡೂ ಬಂತು. ಹೌದು, ಮೇಷ್ಟ್ರು ಇಸ್ತ್ರಿ ಶರ್ಟೇ ಹಾಕ್ತಾರೆ. ನೀನೂ ಹಾಕ್ತಿದ್ದೆ, ಮದುವೆ ಆಗೋ ತನಕ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ಸರದಿ ಹಂಚಿಕೆ ಸರಿಯಾಗಿದೆ ಕಣಪ್ಪಾ. ಶನಿವಾರ ಇಡೀ ದಿನ ಮೇಷ್ಟ್ರೂ ನಾನೂ ಕೂತು ಲಾಗು ನೋಡಿದ್ವಿ. ದೂರದ ಫೋನಿಗೆ ಅಲೆ ಹೋಗೋಷ್ಟರಲ್ಲಿ ತುಣುಕು ಕೆಡುತ್ತೆ. ಕೆಟ್ಟದ್ದನ್ನ ನನ್ನ ಪದರ ಇನ್ನೊಮ್ಮೆ, ಮತ್ತೊಮ್ಮೆ ಕಳಿಸಿ ಸರಿ ಮಾಡ್ತಾ ಇರುತ್ತೆ. ಮೇಷ್ಟ್ರು ಹೇಳೋ ಪ್ರಕಾರ ಅಷ್ಟು ದೂರಕ್ಕೆ ಅದು ಸಹಜ. ಆದರೆ ಅದು ಮುಗಿಯೋ ಮುಂಚೆನೇ ನಿನ್ನ ಪದರ ಕೂಗು ಹಾಕುತ್ತೆ, ತುಣುಕು ಕಳೆದುಹೋಯ್ತು, ಮತ್ತೆ ಕಳಿಸು ಅಂತ. ದಾರೀಲಿ ಬರ್ತಿರೋದನ್ನೇ ಮತ್ತೆ ಕೇಳಿದ್ರೆ ಏನಾಗುತ್ತೆ? ಅದೇ ತುಣುಕು ಎರಡು, ಮೂರು, ನಾಲ್ಕು ಸಲ. ನಾನು ಹಂಚೋ ಸರದಿ ಎಲ್ಲ ಹಾಗೆ ಮತ್ತೆ ಮತ್ತೆ ಕಳಿಸೋದಕ್ಕೇ ತುಂಬಿಹೋಗುತ್ತೆ. ಕೊನೆಗೆ ನೀನೇ ಬರೆದ ನಿಯಮ ಇದೆಯಲ್ಲ, ಎಂಟು ಸಲ ಕಳಿಸಿದ್ರೂ ಸಿಕ್ಕಿತು ಅಂತ ಉತ್ತರ ಬರದಿದ್ರೆ ಯಜಮಾನನಿಗೆ ದೂರು ಕೊಡೋದು. ಅವನು ಸಂಪರ್ಕ ಕಡೀತಾನೆ. ಕಡಿಯೋಂಥದ್ದು ಅಲ್ಲಿ ಏನೂ ಆಗಿರಲ್ಲ.

ಮತ್ತೆ ಕೇಳೋ ಮುಂಚೆ ಎಷ್ಟು ಹೊತ್ತು ಕಾಯಬೇಕು ಅನ್ನೋ ನಿನ್ನ ಗಡಿಯಾರ ತುಂಬ ಚಿಕ್ಕದು. ಲ್ಯಾಬಿನಲ್ಲಿ ಫೋನು ಮೇಜಿನ ಮೇಲೇ ಇತ್ತು, ಕೇಬಲ್ಲು ಹಾಕಿ ಪರೀಕ್ಷೆ ಮಾಡಿದ್ವಿ, ಅಲ್ಲಿ ತಕ್ಷಣ ಕೇಳೋದು ಜಾಣತನ ಅನ್ನಿಸ್ತು. ಎಲ್ಲರೂ ನಿನ್ನ ಬೆನ್ನು ತಟ್ಟಿದ್ರು. ಕಣಿವೇಲಿ ಅದು ನಡೆಯಲ್ಲ. ಒಂದು ನಂಬರು ಬದಲಾಯಿಸು, ಸಾಕು. ಮೇಷ್ಟ್ರೂ ಅದನ್ನೇ ಹೇಳಿದ್ರು.

ನಿನಗೆ ಹೇಳಬೇಕಾದ ವಿಷಯ ಒಂದಿದೆ. ಕಾಗದದಲ್ಲಿ ಬೇಡ ಅನ್ನಿಸ್ತಿದೆ. ನೀನು ಬಂದ ಮೇಲೆ ಹೇಳ್ತೀನಿ.

ನಿನ್ನ,
ಹಂಚೋಳು


ಮಾರ್ಚ್ 12, ಗುರುವಾರ

ನಿನಗೆ,

ಗಾಡಿ ಇಳಿಯೋಕೆ ಮುಂಚೆ ಬರೀತಿದ್ದೀನಿ, ಡ್ರೈವರು ಊಟ ಮಾಡ್ತಿದ್ದಾನೆ.

ಒಂದು ಪುಟದ ಕಾಗದದಲ್ಲಿ ಮೇಷ್ಟ್ರು ಎಷ್ಟು ಸಲ ಬಂದ್ರು ಅಂತ ಎಣಿಸೋಕೆ ಶುರು ಮಾಡಿ ಬಿಟ್ಟೆ. ಶನಿವಾರ ಲ್ಯಾಬಿಗೆ ರಜಾ. ಇಡೀ ದಿನ ಕೂತ್ಕೊಂಡು ನೋಡಿದ್ರಂತೆ! ಲಾಗಿನಲ್ಲಿ ನನ್ನ ತಪ್ಪು ಹುಡುಕೋಕೆ ಇಬ್ಬರು ಬೇಕಾಯ್ತಾ?

ನನ್ನ ಗಡಿಯಾರ ಸರಿಯಾಗಿದೆ. ಆ ಗಡಿಯಾರದಿಂದಲೇ ನಮ್ಮ ಬೇಸ್ ಸ್ಟೇಷನ್ನು ಎಲ್ಲರಿಗಿಂತ ಚುರುಕು ಅಂತ ಹೆಸರು ಬಂದಿದ್ದು, ಮರೀಬೇಡ. ಮೇಷ್ಟ್ರ ಅಲೆ ಆ ತುದಿ ಮುಟ್ಟಲ್ಲ ಅನ್ನೋದನ್ನ ಮೇಷ್ಟ್ರೇ ಒಪ್ಕೋತಾರಾ? ಬೇರೆಯವರ ತಲೆಗೆ ಕಟ್ಟೋದು ಸುಲಭ.

ಡ್ರೈವರು ಇನ್ನೊಂದು ಸುದ್ದಿ ತಂದ. ಲ್ಯಾಬಿಗೆ ಸಾಮಾನು ತರೋಕೆ ಹೋದಾಗ ನೋಡಿದನಂತೆ, ಮೇಡಮ್ಮಿಗೆ ಹೊಸ ರೂಮು ಕೊಟ್ಟಿದ್ದಾರೆ, ಮೇಷ್ಟ್ರ ರೂಮಿನ ಪಕ್ಕದ್ದು. ಖುಷಿಯಿಂದ ಹೇಳಿದ, ನನಗೆ ಗೊತ್ತಿರುತ್ತೆ ಅಂದ್ಕೊಂಡು. ಗೊತ್ತಿರೋನ ಹಾಗೆ ತಲೆಯಾಡಿಸಿದೆ.

ಆ ವಿಷಯ ಏನು? ಕಾಗದದಲ್ಲಿ ಬರೆಯೋಕಾಗದ್ದು ಅಂಥದ್ದು ಏನು?

ಮತ್ತೆ ಕೇಳೋನು


ಮಾರ್ಚ್ 15, ಭಾನುವಾರ

ಗಾಡಿ ಇಲ್ಲದ ದಿನ ಬರೆದು ಏನು ಪ್ರಯೋಜನ ಅಂತ ಗೊತ್ತು. ಆದರೂ ಬರೀತೀನಿ.

ಕೋಪದಲ್ಲಿ ಬರೆದಿದ್ದೆ, ಹೊಟ್ಟೆಗೆ ಹಾಕ್ಕೋ. ಆದರೆ ಆ ವಿಷಯ ಏನು ಅಂತ ಹೇಳಿಬಿಡು. ಹೊಸ ರೂಮು ಯಾಕೆ? ನೀನು ಮೊದಲು ಕೂರ್ತಿದ್ದ ಮೇಜಿಗೆ ಏನಾಗಿತ್ತು? ಅಲ್ಲಿ ಕಿಟಕಿ ಇತ್ತು, ಗಾಳಿ ಬರ್ತಿತ್ತು, ನನ್ನ ಬೆನ್ನಿಗೆ ನಿನ್ನ ಕುರ್ಚಿ ತಾಗ್ತಿತ್ತು.


ಮಾರ್ಚ್ 17, ಮಂಗಳವಾರ

ಮದುವೆಗೆ ಮುಂಚೆ ಒಂದು ದಿನ ನೀನೇ ಹೇಳಿದ್ದೆ, ಮೇಷ್ಟ್ರ ದನಿ ಕೇಳ್ತಾ ಇದ್ರೆ ಪಾಠ ಮುಗೀಲೇಬಾರದು ಅನ್ಸುತ್ತೆ ಅಂತ. ಆಗ ನಕ್ಕಿದ್ದೆ. ಹೆಂಡತಿ ತೀರಿಕೊಂಡ ಮೇಲೆ ಆ ಮನುಷ್ಯ ಒಂಟಿ. ನಾನು ಬೆಟ್ಟದ ಮೇಲೆ. ನನ್ನನ್ನ ಇಲ್ಲಿಗೆ ಕಳಿಸಿ ಅಂತ ಸಲಹೆ ಕೊಟ್ಟೋರು ಯಾರು ಅಂತ ನಿನಗೆ ನೆನಪಿರಬೇಕು. ಅವರೇ.

ಹೇಳು, ಏನು ವಿಷಯ?


ಮಾರ್ಚ್ 19, ಗುರುವಾರ

ಗಾಡಿ ಬಂತು. ನಿನ್ನ ಕಾಗದ ಇಲ್ಲ. ಚೀಲ ಪೂರ್ತಿ ಮಗುಚಿ ನೋಡಿದೆ, ಡ್ರೈವರು ಪಾಪ ಅಂತ ನೋಡ್ತಿದ್ದ. ನರ್ಸಮ್ಮ ಬ್ಯಾಂಡೇಜಿನ ಡಬ್ಬ ತಗೊಂಡು ಹೋಗೋಕೆ ಬಂದಿದ್ಲು, ನನ್ನ ಮುಖ ನೋಡಿ, "ಏನು ಸಾರ್, ನಿಮ್ಮ ಸಂಪರ್ಕವೂ ಕಟ್ಟಾ?" ಅಂದ್ಲು.

ಬೆಂಕಿ ಇಲ್ಲದೆ ಹೊಗೆ ಆಡಲ್ಲ. ಇಷ್ಟು ಕೇಳಿದ್ರೂ ಬಾಯಿ ಬಿಡದೆ ಇದ್ರೆ ನಾನು ಏನಂತ ತಿಳ್ಕೋಬೇಕು?


ಮಾರ್ಚ್ 22, ಭಾನುವಾರ
ಮನೆ

ಪರೀಕ್ಷಾ ಇಂಜಿನಿಯರ್ ಅವರಿಗೆ,

ನಿಮ್ಮ ಹನ್ನೆರಡನೇ ತಾರೀಖಿನ ಕಾಗದಕ್ಕೆ ನಾನು ಉತ್ತರ ಬರೆದಿದ್ದೆ. ಓದಿ ನೋಡಿದ್ರೆ ಪೂರ್ತಿ ಜಗಳ. ತಣ್ಣಗಾಗಿ ಬರೆಯೋಣ ಅಂತ ಹರಿದೆ, ಅಷ್ಟರಲ್ಲಿ ಗಾಡಿ ಹೋಗಿತ್ತು. ಒಂದು ವಾರ ಕಾದಿದ್ರೆ ಒಳ್ಳೇ ಮಾತಿನ ಕಾಗದವೇ ಬರ್ತಿತ್ತು. ಅಷ್ಟರಲ್ಲಿ ಮೂರು ಕಾಗದ ಒಂದೇ ಚೀಲದಲ್ಲಿ ಬಂದು ಬಿದ್ವು. ಮೂರರಲ್ಲೂ ಅದೇ ಪ್ರಶ್ನೆ.

ಸರಿ, ಕೇಳಿ. ಲ್ಯಾಬಿನ ಮುಖ್ಯಸ್ಥರ ಜಾಗ ಖಾಲಿ ಇತ್ತಲ್ಲ. ನೀವು ಅದರ ಮೇಲೆ ಕಣ್ಣಿಟ್ಟಿದ್ದು ನನಗೆ ಗೊತ್ತು. ಅದನ್ನ ಮೊದಲು ಮೇಷ್ಟ್ರಿಗೆ ಕೊಟ್ರು, ಅವರು ಬೇಡ ಅಂದ್ರು. ಆಮೇಲೆ ನನಗೆ ಕೊಟ್ರು. ನಾನು ಬೇಡ ಅನ್ನಲಿಲ್ಲ. ಹೊಸ ರೂಮು ಮುಖ್ಯಸ್ಥರ ರೂಮು. ಅದು ಕಟ್ಟಿದಾಗಿನಿಂದ ಮೇಷ್ಟ್ರ ರೂಮಿನ ಪಕ್ಕದಲ್ಲೇ ಇದೆ, ನನಗೋಸ್ಕರ ಯಾರೂ ಗೋಡೆ ಸರಿಸಿಲ್ಲ. ಇನ್ನು ಮುಂದೆ ನಿಮ್ಮ ವರದಿಗೆ ಸಹಿ ಹಾಕೋದು ನಾನು. ಇದನ್ನ ಎದುರಿಗೆ ಕೂತು, ನಿಮ್ಮ ಕೈ ಹಿಡ್ಕೊಂಡು ಹೇಳಬೇಕು ಅಂತಿದ್ದೆ, ಯಾಕಂದ್ರೆ ನಿಮಗೆ ನೋವಾಗುತ್ತೆ ಅಂತ ಗೊತ್ತಿತ್ತು.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಲಾಗಿನಲ್ಲಿ ನಿಮ್ಮ ಗಡಿಯಾರದ ತಪ್ಪು ಹಿಡಿದದ್ದು ನಾನು, ಮೇಷ್ಟ್ರಲ್ಲ. ಅವರ ಹೆಸರು ಜೊತೆಗೆ ಹಾಕಿದ್ದು ಯಾಕೆ ಗೊತ್ತಾ? ನಾನೊಬ್ಬಳೇ ಹೇಳಿದ್ರೆ ನೀವು ಕೇಳಲ್ಲ ಅಂತ. ಬರೀ ಹೆಂಡತಿ ಮಾತು ಅಂತ ತಳ್ಳಿಹಾಕ್ತೀರಿ ಅಂತ.

ಒಂದೇ ಪ್ರಶ್ನೆ ಎಷ್ಟು ಸಲ ಕೇಳಿದ್ದೀರಿ, ನೀವೇ ಎಣಿಸ್ಕೊಳ್ಳಿ. ಉತ್ತರ ದಾರೀಲಿತ್ತು. ಬರೋಕೆ ಬಿಡಲಿಲ್ಲ. ನಿಮ್ಮ ಪದರದಲ್ಲಿ ನೀವೇ ಬರೆದ ನಿಯಮದ ಪ್ರಕಾರ ಸಂಪರ್ಕ ಕಡಿದಿದೆ. ಪರೀಕ್ಷೆ ಮುಗಿದ ಮೇಲೆ ಈ ಮನೆಗೆ ಬರಬೇಡಿ. ನಿಮ್ಮಣ್ಣನ ಮನೇಲಿ ಇರಿ. ಮನೆ ವಿಚಾರ ಇನ್ನು ನನಗೆ ಬರೀಬೇಡಿ, ಕೆಲಸದ ವಿಚಾರ ಇದ್ರೆ ಲ್ಯಾಬಿಗೆ ಬರೀರಿ.

ಲ್ಯಾಬ್ ಮುಖ್ಯಸ್ಥೆ


ಮಾರ್ಚ್ 30, ಸೋಮವಾರ
ಟವರ್ ಶೆಡ್ಡು

ಮುಖ್ಯಸ್ಥೆಯವರಿಗೆ,

ಇದು ಕೆಲಸದ ವರದಿ. ಆದರೂ ಮನೆಗೇ ಕಳಿಸ್ತಿದ್ದೀನಿ, ಲ್ಯಾಬಿನಲ್ಲಿ ಟಪಾಲು ಬಿಚ್ಚೋದು ಬೇರೆಯವರು.

ಗುರುವಾರ ನಿಮ್ಮ ಕಾಗದ ಬಂತು. ಗಾಡಿಯನ್ನ ಬರಿಗೈಲಿ ಕಳಿಸಿದೆ. ಬರೆಯೋಕೆ ಕೂತಿದ್ರೆ ಮತ್ತೆ ಏನಾದ್ರೂ ಕೇಳ್ತಿದ್ದೆ.

ಶುಕ್ರವಾರ ಬೆಳಿಗ್ಗೆ ಆ ನಂಬರು ಬದಲಾಯಿಸಿದೆ. ತುಣುಕು ಕಾಣಲಿಲ್ಲ ಅಂದ ತಕ್ಷಣ ಕೂಗಬಾರದು, ಕೆಳಗಿನ ಪದರ ತನ್ನ ಪ್ರಯತ್ನ ಎಲ್ಲ ಮುಗಿಸೋ ತನಕ ಬಾಯಿ ಮುಚ್ಕೊಂಡು ಕಾಯಬೇಕು, ಅಷ್ಟು ದೊಡ್ಡ ಗಡಿಯಾರ ಇಟ್ಟೆ. ಆಮೇಲೆ ನರ್ಸಮ್ಮನನ್ನ ಆಕೆಯ ಫೋನಿನಿಂದ ಮೇಸ್ತ್ರಿ ಜೊತೆ ಮಾತಾಡಿಸಿದೆ. ಕೈಗೆ ಹಾಕಿದ ಹೊಲಿಗೆ ಬಿಚ್ಚೋಕೆ ಯಾವಾಗ ಬರ್ತೀಯಾ ಅಂತ ಕೇಳಿದ್ಲು. ಗಾಯಕ್ಕೆ ನೀರು ತಾಗಿಸಿದ್ದಕ್ಕೆ ಬೈದ್ಲು. ಅಷ್ಟಾದ್ರೂ ಕಡೀಲಿಲ್ಲ. ಮಾತು ಖಾಲಿಯಾಗಿ ತನ್ನ ಚಪ್ಪಲಿ ಕಿತ್ತುಹೋದ ಕಥೆ ಹೇಳಿದ್ಲು. ಕೊನೆಗೆ ಬೇಜಾರಾಗಿ ಆಕೆಯೇ, "ಸಾಕು ಮಾರಾಯ, ನನಗೆ ಕೆಲಸ ಇದೆ" ಅಂತ ಇಟ್ಟಳು. ಶನಿವಾರ, ಭಾನುವಾರ, ಇವತ್ತು, ಮೂರೂ ದಿನ ಸಂಪರ್ಕ ಕಡೀದೆ ನಿಂತಿದೆ. ಸರದಿ ಹಂಚಿಕೆ ಸರಿಯಾಗಿತ್ತು. ಅಲೆಯೂ ಸರಿಯಾಗಿತ್ತು. ತಪ್ಪು ನನ್ನ ಪದರದ್ದೇ. ವರದಿ ಇಲ್ಲಿಗೆ ಮುಗೀತು.

ಇನ್ನು ಕೆಳಗಿನದು ಓದಬೇಡ ಅಂದ್ರೆ ಓದೇ ಓದ್ತೀಯ.

ಮೇಷ್ಟ್ರ ಮೇಲಿದ್ದ ಹೊಟ್ಟೆಕಿಚ್ಚು ಗುರುವಾರ ಸಂಜೆಗೇ ಆರಿಹೋಯ್ತು. ಆಗ ಅದರ ಕೆಳಗಿದ್ದದ್ದು ಕಾಣಿಸ್ತು. ನೀನು ಮುಖ್ಯಸ್ಥೆ ಆಗಿದ್ದಕ್ಕೆ ನನಗೆ ಉರೀತಿದೆ. ನಿನ್ನ ಜೊತೆ ಮೇಷ್ಟ್ರ ಹೆಸರು ಸೇರಿಸಿ ಸಂಕಟ ಪಡೋದು ಇದಕ್ಕಿಂತ ಸುಲಭ ಇತ್ತು, ಅಲ್ಲಿ ನಾನು ಮೋಸ ಹೋದವನಾಗಿ ನಿಲ್ಲಬಹುದಿತ್ತು. ಇಲ್ಲಿ ನಿಲ್ಲೋಕೆ ಜಾಗವೇ ಇಲ್ಲ. ಆ ಕುರ್ಚಿ ನನಗೆ ಬೇಕಿತ್ತು. ನಿನಗೆ ಸಿಕ್ಕಿತು. ನಿನಗೆ ಸಿಗಬೇಕಾದ್ದೇ ಸರಿ ಅಂತ ತಲೆಗೆ ಗೊತ್ತು, ಹೊಟ್ಟೆಗೆ ಇನ್ನೂ ಗೊತ್ತಾಗಿಲ್ಲ. ನೀನು ಇಲ್ಲದ ಮನೆಗೆ ಹೋಗೋ ಯೋಚನೆ ಬಂದ್ರೆ ಮಾತ್ರ ಎರಡೂ ಒಂದೇ ಸಲ ಹೆದರ್ತವೆ.

ಅಣ್ಣನ ಮನೆಗೆ ಹೋಗು ಅಂದ್ರೆ ಹೋಗ್ತೀನಿ. ಈ ಕಾಗದದಲ್ಲಿ ಪ್ರಶ್ನೆ ಇಲ್ಲ.

ಪರೀಕ್ಷಾ ಇಂಜಿನಿಯರ್


ಏಪ್ರಿಲ್ 7, ಮಂಗಳವಾರ
ಮನೆ

ಮತ್ತೆ ಕೇಳೋನೇ,

ನಿನ್ನ ಕಾಗದ ಶುಕ್ರವಾರ ಸಿಕ್ಕಿತು. ಎರಡು ಸಲ ಓದಿ ಅಡುಗೆಮನೆ ಡಬ್ಬದ ಹಿಂದೆ ಇಟ್ಟೆ. ಉತ್ತರ ಬರೆಯೋಕೆ ಕೈ ಬರಲಿಲ್ಲ. ಹೊಟ್ಟೆಕಿಚ್ಚು ಅಂತ ಒಪ್ಕೊಂಡು ಬರೆಯೋದು ಒಂದು, ಹೊಟ್ಟೆಕಿಚ್ಚು ಬಂದ ಗಳಿಗೇಲಿ ಬಾಯಿ ಮುಚ್ಕೊಂಡಿರೋದು ಇನ್ನೊಂದು. ಮೊದಲನೇದು ನೀನು ಚೆನ್ನಾಗೇ ಮಾಡ್ತೀಯ ಅಂತ ಅಂದ್ಕೊಂಡೆ.

ನಿನ್ನೆ ಮಧ್ಯಾಹ್ನ ಹೊರಗಿನ ಕೊಂಡಿ ಹಾಕಿದ್ರಂತೆ. ಕಣಿವೆಯಿಂದ ಹೊರಗೆ ಮೊದಲ ಕರೆ ನೀನು ನನ್ನ ರೂಮಿಗೇ ಮಾಡಿದೆ. ಎತ್ತಿದ್ದು ಮೇಷ್ಟ್ರು. ಆಮೇಲೆ ಅವರೇ ಬಂದು ಹೇಳಿದ್ರು. ಹಲೋ ಅಂದ ತಕ್ಷಣ ಆ ಕಡೆ ಸದ್ದೇ ಇಲ್ಲವಂತೆ, ಬರೀ ಫ್ಯಾನಿನ ಕೂಗು. ಸಂಪರ್ಕ ಕಡೀತು ಅಂತ ಇಡೋಕೆ ಹೋದರಂತೆ. ಆಗ ನಿನ್ನ ದನಿ ಬಂತಂತೆ: "ಮೇಷ್ಟ್ರೇ, ನಿಮ್ಮ ಅಲೆ ಆ ತುದಿ ತನಕ ಚೆನ್ನಾಗಿ ಮುಟ್ತಿದೆ. ಅವಳಿಗೆ ಹೇಳಿ, ಸಂಪರ್ಕ ಕಡೀದೆ ನಿಂತಿದೆ ಅಂತ." ಅಷ್ಟೇ ಹೇಳಿ ಇಟ್ಟುಬಿಟ್ಟನಲ್ಲ, ಹುಷಾರಿಲ್ಲವಾ ಅವನಿಗೆ ಅಂತ ಮೇಷ್ಟ್ರು ಕೇಳಿದ್ರು.

ನನ್ನ ಕುರ್ಚೀಲಿ, ನನ್ನ ಫೋನಿನಲ್ಲಿ, ಆ ಮನುಷ್ಯನ ದನಿ ಕೇಳಿಯೂ ನೀನು ಯಾಕೆ ಅಂತ ಕೇಳಲಿಲ್ಲ. ಬಾಗಿಲು ಹಾಕ್ಕೊಂಡು ಸ್ವಲ್ಪ ಹೊತ್ತು ಅತ್ತೆ. ಮುಖ್ಯಸ್ಥೆಗೆ ಬೇರೆ ರೂಮು ಕೊಡೋದು ಅದಕ್ಕೇ ಇರಬೇಕು.

ಪರೀಕ್ಷೆಯ ವರದಿಗೆ ಸ್ಥಳದಲ್ಲೇ ಸಹಿ ಆಗಬೇಕು. ಯಾರನ್ನಾದ್ರೂ ಕಳಿಸಬಹುದಿತ್ತು. ನಾನೇ ಬರ್ತೀನಿ. ಈ ಗುರುವಾರ ಆಗಲ್ಲ, ಹದಿನಾರನೇ ತಾರೀಖಿನ ಗಾಡೀಲಿ. ಅದರ ಮುಂದಿನ ಗುರುವಾರ ಇಬ್ಬರೂ ಒಟ್ಟಿಗೆ ಇಳಿಯೋಣ. ಇಳಿದು ಯಾರ ಮನೆಗೆ ಅನ್ನೋದು ದಾರೀಲಿ ನೀನು ಹೇಗಿರ್ತೀಯ ಅನ್ನೋದರ ಮೇಲೆ.

ಈಗ ಫೋನಿದೆ ಅಂತ ಗೊತ್ತು. ಅಲ್ಲಿ ತನಕ ಫೋನು ಮಾಡಬೇಡ. ಫೋನಿನಲ್ಲಿ ನಾನು ಉಸಿರು ಬಿಟ್ರೂ ನೀನು ಅದಕ್ಕೊಂದು ಅರ್ಥ ಹುಡುಕ್ತೀಯ.

ಮೇಷ್ಟ್ರು ನನ್ನ ಮೇಜಿನ ಹತ್ರ ಯಾಕಿದ್ರು ಅಂತ ನಾನಾಗೇ ಹೇಳಲ್ಲ. ಎಷ್ಟು ದಿನ ತಡ್ಕೋತೀಯ ನೋಡ್ತೀನಿ. ಇನ್ನೊಂದು. ನಿನ್ನ ಕಾಗದಗಳಲ್ಲಿ, ಕೋಪದ್ದರಲ್ಲೂ, ಎಲ್ಲಾದ್ರೂ ಒಂದು ಕಡೆ ನರ್ಸಮ್ಮ ಬಂದುಬಿಡ್ತಾಳೆ. ಏನಂದ್ಲು, ಹೇಗಂದ್ಲು, ಯಾವ ಚಪ್ಪಲಿ ಕಿತ್ತುಹೋಯ್ತು, ಎಲ್ಲ ಇದೆ. ವಯಸ್ಸೆಷ್ಟು ಅಂತ ಮಾತ್ರ ಎಲ್ಲೂ ಇಲ್ಲ. ನಾನೇನೂ ಕೇಳ್ತಿಲ್ಲ.

ನಿನ್ನ,
ಹಂಚೋಳು


ಏಪ್ರಿಲ್ 16, ಗುರುವಾರ, ಬೆಳಿಗ್ಗೆ
ಟವರ್ ಶೆಡ್ಡು

ಹಂಚೋಳೇ,

ಶೆಡ್ಡು ಗುಡಿಸಿದ್ದೀನಿ. ಕ್ವಾರಿ ಮೇಸ್ತ್ರಿ ಇನ್ನೊಂದು ಮಂಚ ತಂದು ಹಾಕಿದ್ದಾನೆ. ಇಸ್ತ್ರಿ ಶರ್ಟು ಹಾಕ್ಕೊಂಡಿದ್ದೀನಿ. ಇಸ್ತ್ರಿಪೆಟ್ಟಿಗೆ ಯಾರ ಹತ್ರ ಇಸ್ಕೊಂಡೆ ಅಂತ ನೀನು ಕೇಳಲ್ಲ, ನಾನೂ ಹೇಳಲ್ಲ. ನರ್ಸಮ್ಮನ ವಯಸ್ಸು ಬಂದು ನೀನೇ ನೋಡು. ಒಂದು ವಾರ ನಾನು ಹೇಗೆ ತಡ್ಕೊಂಡೆ ಅಂತ ಸ್ವಲ್ಪ ನಿನಗೂ ಗೊತ್ತಾಗಲಿ.

ಫೋನು ಮೇಜಿನ ಮೇಲೇ ಇತ್ತು. ಒಂದು ದಿನವೂ ಮುಟ್ಟಲಿಲ್ಲ, ದೇವರಾಣೆ. ಸೋಮವಾರ ಕೈಗೆ ತಗೊಂಡಿದ್ದು ಧೂಳು ಒರೆಸೋಕೆ.

ಈ ಕಾಗದದ ಲೆಕ್ಕಾಚಾರ ನಿನಗೆ ಇಷ್ಟ ಆಗುತ್ತೆ. ನಿನ್ನನ್ನ ಹತ್ತಿಸಿಕೊಂಡು ಬರೋ ಗಾಡೀಲೇ ಇದು ಮಧ್ಯಾಹ್ನ ಇಳಿಯುತ್ತೆ. ನೀನು ಇಲ್ಲಿ ಸಹಿ ಹಾಕ್ತಾ ಇರೋವಾಗ ಇದು ನಮ್ಮ ಮನೆ ಬಾಗಿಲ ಒಳಗೆ ಬಿದ್ದಿರುತ್ತೆ, ಓದೋಕೆ ಯಾರೂ ಇರಲ್ಲ. ನೀನು ನನ್ನನ್ನ ಆ ಬಾಗಿಲ ತನಕ ಕರ್ಕೊಂಡು ಹೋದ್ರೆ ಮಾತ್ರ ಇದು ನಿನ್ನ ಕೈಗೆ ಸಿಗೋದು, ಆಗ ನಾನೂ ಪಕ್ಕದಲ್ಲೇ ಇರ್ತೀನಿ. ಅಣ್ಣನ ಮನೆಗೆ ಕಳಿಸಿದ್ರೆ, ಇದನ್ನ ಓದದೇ ಒಲೆಗೆ ಹಾಕು.

ಅದಕ್ಕೇ ಧೈರ್ಯವಾಗಿ ಇಲ್ಲಿ ಕೇಳ್ತಿದ್ದೀನಿ. ಎದುರಿಗೆ ಕೇಳಲ್ಲ, ದಾರೀಲಿ ಕೇಳಲ್ಲ, ಇಲ್ಲಿ ಒಂದೇ ಒಂದು ಸಲ: ಮೇಷ್ಟ್ರು ನಿನ್ನ ಕುರ್ಚೀಲಿ ಏನು ಮಾಡ್ತಿದ್ರು? ಕೇಳಿದ್ದಾಯ್ತು. ಎದೆ ಹಗುರ ಆಯ್ತು. ಉತ್ತರಕ್ಕೆ ಅವಸರವೇ ಇಲ್ಲ.

ಕೆಳಗಿನ ತಿರುವಿನಲ್ಲಿ ಹಾರನ್ನು ಕೇಳಿಸ್ತು. ಗಾಡಿ ಕಾಣಿಸ್ತಿದೆ. ನಿಂತಿತು. ಕಿಟಕಿಯಿಂದಲೇ ನೋಡ್ತಾ ಬರೀತಿದ್ದೀನಿ, ಅಕ್ಷರ ಸೊಟ್ಟಗಿದ್ರೆ ಬೈಬೇಡ. ಇಳೀತಿದ್ದೀಯ. ಸ್ವಲ್ಪ ಸಣ್ಣಗಾಗಿದ್ದೀಯ. ಡ್ರೈವರು ಬ್ಯಾಗು ಕೊಡ್ತಾ ಏನೋ ಅಂದ, ನೀನು ಅಷ್ಟು ಜೋರಾಗಿ ನಕ್ಕೆ.

ಏನಂದ ಅವನು?